ಸೀಮೆಸುಣ್ಣ ಬಿಟ್ಟ ಮೇಷ್ಟ್ರು

ತರಗತಿಗೆ ತಂತ್ರಜ್ಞಾನ ತರಬೇಕೆಂದು ಊರೂರಿನ ಶಿಕ್ಷಕರು ಕಟ್ಟಿಕೊಂಡ ಗ್ರೂಪಿನಲ್ಲಿ ಈ ಗಣಿತದ ಮೇಷ್ಟ್ರದೇ ದರ್ಬಾರು. ಯಾರಾದರೂ ಹೊಸ ಆ್ಯಪಿನ ಹೆಸರು ಹಾಕಿದರೆ ಸಾಕು, ತೆರೆದೂ ನೋಡದೆ ‘ನಮ್ಮ ಮಕ್ಕಳಿಗೆ ಇದು ಪ್ರಾಣ ಸರ್’ ಎಂದು ಬರೆದುಬಿಡುತ್ತಾರೆ. ಅವರ ತರಗತಿಯಲ್ಲಿ ಪಾಠಕ್ಕಿಂತ ಮೊದಲು ಫೋಟೋ. ‘ಆಶ್ಚರ್ಯ!’ ಎಂದರೆ ಮಕ್ಕಳು ಬಾಯಿ ತೆರೆಯಬೇಕು, ‘ಅರ್ಥ ಆಯ್ತು!’ ಎಂದರೆ ಕೈ ಎತ್ತಬೇಕು. ಹಿಂದಿನ ಪ್ರೊಜೆಕ್ಟರ್ ಪರದೆಯ ಮೇಲೆ ಏನೂ ಇಲ್ಲದಿದ್ದರೂ ನಡೆಯುತ್ತದೆ. ಲೈಕು ಕೊಟ್ಟವರಿಗೆಲ್ಲ ಕೈಮುಗಿಯುವ ಚಿತ್ರ ಕಳಿಸಿ ಮುಗಿಸುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ. ಸೀಮೆಸುಣ್ಣದ ಡಬ್ಬಿಯನ್ನು ಅವರು ಕಸದ ಬುಟ್ಟಿಗೆ ಎಸೆಯುವ ಫೋಟೋವಂತೂ ಗ್ರೂಪಿನಲ್ಲಿ ಮನೆಮಾತು. ಹಾಗಾಗಿ ಕರೆಂಟು ಹೋದ ಹೊತ್ತಿಗೇ ತಪಾಸಣೆಯ ಸಾಹೇಬರು ಬಂದು, ‘ಭಾಗಾಕಾರ ಹೇಳಿಕೊಡಿ, ನೋಡೋಣ’ ಎಂದು ಕುಳಿತಾಗ ಮೇಷ್ಟ್ರು ಬರಿಗೈಯಲ್ಲಿ ಕರಿಹಲಗೆಯ ಮುಂದೆ ಬೆಪ್ಪಾಗಿ ನಿಂತರು. ಮುಂದಿನ ಬೆಂಚಿನ ಹುಡುಗಿ ಕಂಪಾಸ್ ಪೆಟ್ಟಿಗೆಯಿಂದ ಒಂದು ತುಂಡು ಸೀಮೆಸುಣ್ಣ ತೆಗೆದುಕೊಟ್ಟಳು. ‘ಇದೆಲ್ಲಿತ್ತೇ ತಾಯಿ?’ ಎಂದು ಮೇಷ್ಟ್ರು ಪಿಸುಗುಟ್ಟಿದರು. ಹುಡುಗಿಗೆ ಪಿಸುಮಾತು ಬಾರದು: ‘ಬುಟ್ಟಿಯಿಂದ ಎತ್ತಿಟ್ಕೊಂಡಿದ್ವಿ ಸರ್. ನೀವು ಗ್ರೂಪಲ್ಲಿರೋವಾಗ ನಮಗೆ ನಾವೇ ಪಾಠ ಹೇಳ್ಕೋತೀವಲ್ಲ, ಅದಕ್ಕೆ.’