ಅಣ್ಣನ ಎಡಗೈಯ ಕಲೆ

ನಮ್ಮ ಅಂಗಡಿಯಲ್ಲಿ ಮಾಂಸ ಕಡಿಯುವ ಕೊರಡಿನ ಮುಂದೆ ನಿಲ್ಲುತ್ತಿದ್ದವನು ನನ್ನ ಅಣ್ಣ. ಚಿಕ್ಕಂದಿನಿಂದ ಕತ್ತಿ ಹಿಡಿದವನು. ಅದು ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲ. ಎಡಗೈಯಲ್ಲಿ ಕುರಿಯ ತೊಡೆ ಅದುಮಿ ಹಿಡಿದು ಬಲಗೈಯಲ್ಲಿ ಕಡಿಯುವಾಗ ಎಷ್ಟೋ ಸಲ ಬೆರಳಿಗೂ ಏಟು ಬೀಳುತ್ತಿತ್ತು. ಮುಖ ಕಿವುಚುತ್ತಿರಲಿಲ್ಲ. ಬಟ್ಟೆ ಸುತ್ತಿಕೊಂಡು ಮುಂದಿನ ತುಂಡಿಗೆ ಕೈ ಹಾಕುತ್ತಿದ್ದ. ಇಡೀ ಬೀದಿ ಅವನನ್ನು 'ಕಲ್ಲಣ್ಣ' ಎನ್ನುತ್ತಿತ್ತು. ನಾವೂ ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದೆವು, ದಡ್ಡರು.

ಆ ಎಡಗೈಯ ಮೇಲೆ ಎರಡು ವರ್ಷದಿಂದ ಉಂಗುರದಂಥ ಕಲೆ. ಅಂಚು ಕೆಂಪಗೆ ಉಬ್ಬಿ, ನಡುವೆ ಮಾಸಲು. ಔಷಧದಂಗಡಿಯವನು ಹುಳುಕಡ್ಡಿ ಎಂದು ಮುಲಾಮು ಕೊಟ್ಟ. ಕ್ಷೌರದವನು ಸೋಪು ಆಗಿಬರುತ್ತಿಲ್ಲ ಎಂದ. ಕಲೆ ಯಾವುದಕ್ಕೂ ಜಗ್ಗಲಿಲ್ಲ. ಅದನ್ನು ಕಂಡ ಗಿರಾಕಿಗಳು ಎದುರಿನ ಅಂಗಡಿಗೆ ಹೋಗತೊಡಗಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಹೇಳಿಯೇಬಿಟ್ಟೆ. "ನಾಳೆಯಿಂದ ನೀನು ಅಂಗಡಿಗೆ ಬರಬೇಡ. ನಿನ್ನ ಕೈ ನೋಡಿದ್ರೆ ಜನಕ್ಕೆ ವಾಂತಿ ಬರುತ್ತೆ."

"ನಿಂಗೆ ಕತ್ತಿ ಹಿಡಿಯೋದು ಕಲಿಸಿದ್ದು ಯಾರೋ?" ಎನ್ನುತ್ತಾ ಅಣ್ಣ ಕಪಾಳಕ್ಕೆ ಬಾರಿಸಿದ.

ನಾನು ಅವನ ಹೊಟ್ಟೆಗೆ ಒದ್ದೆ. ಕತ್ತು ಹಿಡಿದು ನನ್ನನ್ನು ಗೋಡೆಗೆ ಅಪ್ಪಳಿಸಿದ. ಕೊಕ್ಕೆಯಲ್ಲಿ ತೂಗುತ್ತಿದ್ದ ಮಾಂಸ ನಮ್ಮಿಬ್ಬರ ಮೇಲೂ ಬಿತ್ತು. ಕೈಗೆ ಸಿಕ್ಕ ಕತ್ತಿ ಬೀಸಿದೆ. ಅದು ಆ ಕಲೆಯ ನಡುವೆಯೇ ಇಳಿಯಿತು. ರಕ್ತ ಚಿಮ್ಮಿತು, ಎಲುಬು ಬೆಳ್ಳಗೆ ಕಂಡಿತು. ಅಣ್ಣ ಅತ್ತ ನೋಡಲೇ ಇಲ್ಲ; ಅದೇ ಕೈಯಿಂದ ನನ್ನ ಮೂಗು ಒಡೆದ.

"ಅಣ್ಣಾ, ಕೈ ನೋಡ್ಕೋ," ಎಂದೆ.

ನೋಡಿದ. ರಕ್ತ ನೆಲಕ್ಕೆ ಸುರಿಯುತ್ತಿತ್ತು. "ಯಾವಾಗ ಹೊಡೆದೆ?" ಎಂದ.

ಅಲ್ಲಿಗೆ ಜಗಳ ನಿಂತಿತು. ಕೈಗೆ ಬಟ್ಟೆ ಬಿಗಿದು ಆಸ್ಪತ್ರೆಗೆ ಓಡಿದೆವು.

ಹೊಲಿಗೆ ಹಾಕಿದ ಡಾಕ್ಟರಮ್ಮ ಅಣ್ಣನಿಗೆ ಕಣ್ಣು ಮುಚ್ಚಿಸಿ, ಕಲೆಯ ಅಂಚಿಗೆ ಹತ್ತಿ ಸವರಿದರು, ಸೂಜಿ ಚುಚ್ಚಿದರು. ಅವನು ಸುಮ್ಮನೆ ಕೂತಿದ್ದ.

"ಹುಳುಕಡ್ಡಿ ಆಗಿದ್ರೆ ತುರಿಸ್ತಿತ್ತು, ಹೊಟ್ಟು ಏಳ್ತಿತ್ತು. ಯಾವ ತೊಂದರೇನೂ ಕೊಡದ ಇಂಥ ಉಂಗುರದ ಕಲೆಗಳೂ ಇರ್ತವೆ. ಆದ್ರೆ ಚುಚ್ಚಿದ್ದೂ ಗೊತ್ತಾಗ್ತಿಲ್ಲ ಅಂದ್ರೆ ಇದು ಕುಷ್ಠ. ಮಾತ್ರೆ ತಿಂದ್ರೆ ವಾಸಿ ಆಗುತ್ತೆ, ಭಯ ಬೇಡ. ಸತ್ತ ನರ ಮಾತ್ರ ಮತ್ತೆ ಏಳೋದು ಕಷ್ಟ. ಇನ್ಮೇಲೆ ಕತ್ತಿ ಮುಟ್ಟಬೇಡಿ. ಮನೆಯವರನ್ನೂ ಪರೀಕ್ಷೆ ಮಾಡ್ಬೇಕು," ಎಂದರು.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಣ್ಣ ನನ್ನ ಭುಜ ಹಿಡಿದು ಮುಂದಕ್ಕೆ ತಳ್ಳಿದ.

"ಮೊದ್ಲು ಇವನ ಕೈ ನೋಡಿ ಡಾಕ್ಟ್ರೇ," ಎಂದ. "ಅಂಗಡೀಲಿ ಇನ್ನು ಇವನೇ ನಿಲ್ಬೇಕು."