ಒಂದೇ ಸ್ವೆಟರಿನ ಪಾಳಿ

ಅವರ ಎಡಗಾಲಿನಲ್ಲಿ ಉಳಿದಿದ್ದವು ಎರಡೇ ಬೆರಳು. ಶಹಾಬಾದಿನ ನಮ್ಮ ಟಾಕೀಸಿನಲ್ಲಿ ಅವರು ಪ್ರೊಜೆಕ್ಟರ್ ನಡೆಸುತ್ತಿದ್ದರು, ನಾನು ಬೋರ್ಡು ಬರೆಯುತ್ತಿದ್ದೆ. ಊರಿಗೆಲ್ಲ ಅವರು ಆಪರೇಟರ್ ಕಾಕಾ. ಬೆರಳೆಲ್ಲಿ ಹೋದವು ಎಂದು ಯಾರಾದರೂ ಕೇಳಿದರೆ, "ಸರ್ಕಾರಕ್ಕ ಕೊಟ್ಟು ಬಂದೀನಿ, ರಸೀದಿ ಕೊಟ್ಟಿಲ್ಲ" ಎನ್ನುತ್ತಿದ್ದರು. ಚೀನಾ ಯುದ್ಧದಲ್ಲಿ ಅವರನ್ನು ಹಿಮದ ಮೇಲೆ ಕ್ಯಾನ್ವಾಸ್ ಬೂಟಿನಲ್ಲಿ ನಿಲ್ಲಿಸಿದ್ದರು. ಹಾರ ಹಾಕುವುದಕ್ಕೆ ನಮ್ಮ ಸರ್ಕಾರ ಎಂದೂ ತಡ ಮಾಡಿದ್ದಿಲ್ಲ, ಬೂಟು ಕಳಿಸುವುದಕ್ಕೆ ಮಾತ್ರ ಪುರುಸೊತ್ತಾಗಲಿಲ್ಲ.

ಅಲ್ಲಿ ಅವರ ಜೊತೆಗಿದ್ದ ನಮ್ಮೂರಿನ ಸಿಪಾಯಿಯೊಬ್ಬ ತಿರುಗಿ ಬರಲಿಲ್ಲ. ಅವನ ತಾಯಿ ಕಲ್ಲಿನ ಗಣಿಯಲ್ಲಿ ಪರಸಿ ಚಪ್ಪಡಿ ಹೊರುತ್ತಿದ್ದಳು. ಕಾಕಾ ಎದುರಾದಾಗಲೆಲ್ಲ ಆಕೆ ಕೇಳುವುದು ಒಂದೇ: "ಯಪ್ಪಾ, ನನ್ನ ಮಗನಿಗಿ ಥಂಡಿ ಭಾಳ ಆಗಿತ್ತೇನು?" ಕಾಕಾ ಬೀಡಿ ಹಚ್ಚುವ ನೆಪದಲ್ಲಿ ಮುಖ ತಿರುಗಿಸುತ್ತಿದ್ದರು.

ಒಂದು ವರ್ಷ ಆ ಯುದ್ಧದ ಸಿನಿಮಾ ಬಂತು. 'ನಿಜವಾಗಿ ನಡೆದ ಕತೆ' ಎಂದು ಕೆಂಪು ಬಣ್ಣದಲ್ಲಿ ನಾನೇ ಬರೆದೆ. ಅದರಲ್ಲಿ ಕಾಳಗಕ್ಕೆ ಮುಂಚೆ ಲಾರಿಯೊಂದು ಬಂದು ಎಲ್ಲ ಸಿಪಾಯಿಗಳಿಗೂ ಉಣ್ಣೆಯ ಕೋಟು ಹಂಚುತ್ತದೆ. ಮೊದಲ ದಿನದ ಆಟ ಮುಗಿದದ್ದೇ ಕಾಕಾ ರೀಲು ಬಿಚ್ಚಿ, ಬ್ಲೇಡಿನಿಂದ ಆ ದೃಶ್ಯವನ್ನಷ್ಟೂ ಕತ್ತರಿಸಿ ಕಸದ ಡಬ್ಬಿಗೆ ಹಾಕಿದರು. ಹರಿದ ರೀಲು ಕೂಡಿಸುವುದು ಅವರ ದಿನದ ಕೆಲಸ. ನೋಡಿದವರಿಗೆ ಗೊತ್ತೂ ಆಗುತ್ತಿರಲಿಲ್ಲ. ಮಾಲೀಕರು ಕೆಲಸದಿಂದ ತೆಗೆದರೆ ಏನು ಗತಿ ಎಂದೆ.

"ಯಾವ ಲಾರಿನೂ ಬರಲಿಲ್ಲ. ನಮಗಿಬ್ರಿಗಿ ಒಂದೇ ಸ್ವೆಟರ್ ಇತ್ತು. ಪಾಳಿ ಹಚ್ಚಿ ಹಾಕ್ಕೋತಿದ್ವಿ. ಅವ ಥಂಡಿಗಿ ಸತ್ತ ದಿನ ಪಾಳಿ ನಂದಿತ್ತು."

ನಾನು ತೊಳೆದ ಕುಂಚವನ್ನೇ ಮತ್ತೆ ತೊಳೆಯುತ್ತ ನಿಂತೆ.

ಮರುದಿನ ಮ್ಯಾಟಿನಿಗೆ ಆ ತಾಯಿ, ಸತ್ತ ಮಗನ ಹೆಂಡತಿಯ ಕೈ ಹಿಡಿದುಕೊಂಡು ಬಂದಳು. ಹಿಂದಿನ ದಿನ ಒಬ್ಬಳೇ ಸಿನಿಮಾ ನೋಡಿ ಹೋಗಿದ್ದಳಂತೆ. ಕ್ಯಾಬಿನ್ನಿನ ಮೆಟ್ಟಿಲ ಬುಡದಲ್ಲಿ ಕಾಕಾನನ್ನು ನಿಲ್ಲಿಸಿ, "ಎಲ್ಲಾರಿಗೂ ಕೋಟ ಕೊಟ್ಟಿದ್ರಲ್ಲ ಯಪ್ಪಾ, ಇಷ್ಟ ದಿನ ಯಾಕ ಹೇಳಲಿಲ್ಲ? ನಿನ್ನಿ ನನಗ ಛಲೋ ನಿದ್ದಿ ಬಂತು. ಇಕಿಗೂ ತೋರಸಬೇಕಂತ ಕರ್ಕೊಂಡು ಬಂದೀನಿ" ಎಂದಳು.

ಕಾಕಾ ಮೇಲೆ ಹತ್ತಿದರು. ಡಬ್ಬಿಯಿಂದ ಆ ತುಂಡನ್ನು ಹೆಕ್ಕಿ, ಅಂಗಿಯ ಚುಂಗಿನಿಂದ ಒರೆಸಿ, ಅಂಟು ಹಚ್ಚಿ ಮತ್ತೆ ಅದರ ಜಾಗಕ್ಕೇ ಕೂಡಿಸಿದರು. ಪರದೆಯ ಮೇಲೆ ಲಾರಿ ಬರುವ ಹೊತ್ತಿಗೆ ಅವರು ಕಿಂಡಿಗೆ ಬೆನ್ನು ಮಾಡಿ ಕುಳಿತಿದ್ದರು.

ಆಟ ಬಿಟ್ಟ ಮೇಲೆ ಆ ತಾಯಿ ಕೇಳಿದಳು, "ಬೆಚ್ಚಗಿತ್ತಲ್ಲ?"

"ಹೌದ ಯವ್ವಾ, ಬೆಚ್ಚಗಿತ್ತು," ಎಂದರು ಕಾಕಾ.

ಸಾಕ್ಷಿ ಹೇಳಬೇಕಾದವರೇ ಸರ್ಕಾರದ ತಪ್ಪನ್ನು ಮುಚ್ಚಿದರಲ್ಲ ಎಂದು ನನಗೆ ಆಗ ಸಿಟ್ಟು ಬಂದಿತ್ತು. ಆ ಸಿಟ್ಟು ಈಗಲೂ ಇದೆ, ಅವರ ಮೇಲಲ್ಲ.

ಎಷ್ಟೋ ವರ್ಷಗಳ ಮೇಲೆ, ಒಂದು ಚಳಿಯ ಬೆಳಗ್ಗೆ, ಜ್ವರದಲ್ಲಿ ಮಲಗಿದ್ದ ಕಾಕಾನಿಗೆ ನಾನು ರಗ್ಗು ಹೊದಿಸಿದೆ. ಅವರು ಅದನ್ನು ಎಳೆದು, ಹಾಸಿಗೆಯಲ್ಲಿ ಪಕ್ಕದ ಖಾಲಿ ಜಾಗಕ್ಕೆ ಹೊದಿಸಿದರು.

"ಈಗ ಅವನ ಪಾಳಿ ಅದ," ಎಂದರು.

ನಾನು ಮತ್ತೆ ಹೊದಿಸಿದೆ, ಅವರು ಮತ್ತೆ ಸರಿಸಿದರು. ಮಧ್ಯಾಹ್ನ ಅವರ ಉಸಿರು ನಿಂತಾಗ ರಗ್ಗು ಆ ಖಾಲಿ ಜಾಗದ ಮೇಲೆಯೇ ಇತ್ತು.