ಹಂಚು ಬಿಚ್ಚಿದ ಮೇಲಿನ ರೇಟು

ನಮ್ಮ ಕಡೆಯ ದನದ ಸಂತೆಯಲ್ಲಿ ಎಮ್ಮೆಯ ರೇಟನ್ನು ಬಾಯಿಬಿಟ್ಟು ಹೇಳುವುದಿಲ್ಲ. ದಲಾಲಿಯೂ ಕೊಳ್ಳುವವನೂ ಒಂದು ಟವೆಲ್ಲಿನ ಕೆಳಗೆ ಕೈ ಹಿಡಿದುಕೊಂಡು ಬೆರಳಲ್ಲೇ ಮಾತಾಡುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ, ಆದರೆ ಕೊಳ್ಳುವವನಿಗಾದರೂ ತಿಳಿಯುತ್ತದೆ. ಮನೆಯ ಮಾಡಿನ ವ್ಯವಹಾರ ಎಮ್ಮೆಗಿಂತ ಕಡೆ. ಅದರ ರೇಟು ಕೊಡುವವನಿಗೇ ಗೊತ್ತಿರುವುದಿಲ್ಲ. ಕೇಳಿದರೆ "ಆಗ್ತೈತಿ ಬಿಡ್ರಿ" ಅನ್ನುತ್ತಾರೆ. ಎಷ್ಟಾಗುತ್ತದೆ ಎಂದರೆ "ನೋಡ್ಕೊಂತ ಮಾಡೂಣ್ರಿ" ಅನ್ನುತ್ತಾರೆ. ಯಾರು ಯಾರನ್ನು ನೋಡಿಕೊಳ್ಳುತ್ತಾರೆ ಎನ್ನುವುದು ಆಮೇಲೆ ತಿಳಿಯುತ್ತದೆ.

ಹೋದ ಬೇಸಿಗೆಯಿಂದ ನನಗೆ ಈ ಸಿಟ್ಟು ಇದೆ. ಸಿಟ್ಟು ನನಗೆ ಹೊಸದಲ್ಲ. ರಾಯಬಾಗದ ಹೈಸ್ಕೂಲಿನಲ್ಲಿ ಇಪ್ಪತ್ನಾಲ್ಕು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ; ಸಿಟ್ಟಿಲ್ಲದೆ ಭಿನ್ನರಾಶಿ ಕಲಿಸಿದವರನ್ನು ನಾನಂತೂ ಕಂಡಿಲ್ಲ. ಮನೆಯವರದು ತದ್ವಿರುದ್ಧ ಸ್ವಭಾವ. ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾರೆ, ಗಿರಾಕಿ ಬೈದರೂ ನಗುತ್ತಾರೆ. ಮದುವೆಯಾದ ಮೊದಲ ಹತ್ತು ವರ್ಷ ಅದನ್ನು ನಾನು ಸಹನೆ ಎಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅವರಿಗೆ ಜಗಳವೆಂದರೆ ಬೇಜಾರು, ಅಷ್ಟೇ.

ನಮ್ಮದು ಹಂಚಿನ ಮನೆ, ಮಾವನವರ ತಂದೆ ಕಟ್ಟಿಸಿದ್ದು. ಮಳೆಗಾಲದಲ್ಲಿ ಏಳು ಕಡೆ ಸೋರುತ್ತಿತ್ತು. ಯಾವ ಸೋರಿಗೆ ಯಾವ ಪಾತ್ರೆ ಎನ್ನುವುದು ನಮ್ಮ ಅತ್ತೆಗೆ ಬಾಯಿಪಾಠ. ದೇವರ ಕೋಣೆಗೆ ಹಿತ್ತಾಳೆ ಚರಗಿ, ನಡುಮನೆಗೆ ಹಾಲಿನ ಪಾತ್ರೆ, ನನ್ನ ಮಂಚದ ಹತ್ತಿರ ಒಂದು ಪ್ಲಾಸ್ಟಿಕ್ ಬುಟ್ಟಿ. ನನಗೆ ಮಾತ್ರ ಪ್ಲಾಸ್ಟಿಕ್ ಯಾಕೆ ಎಂದು ಒಮ್ಮೆಯೂ ಕೇಳಿಲ್ಲ. ಉತ್ತರ ಗೊತ್ತಿದ್ದ ಪ್ರಶ್ನೆಯನ್ನು ಕೇಳುವ ರೂಢಿ ನನಗೆ ತರಗತಿಯಲ್ಲಿ ಮಾತ್ರ.

ಈ ಸಲ ಮಾಡು ಬದಲಿಸಿಯೇ ಬಿಡುವುದೆಂದು ಏಪ್ರಿಲ್ಲಿನಲ್ಲಿ ಹೊರಟೆವು. ಮೊದಲು ಗಾರೆ ಕೆಲಸ ಮಾಡುವ ನಮ್ಮ ಓಣಿಯ ಗೌಂಡಿ ಬಂದ. ಅಂಗಳದಲ್ಲಿ ನಿಂತು ಹಂಚು ನೋಡಿದ, ಎಲೆ ಅಡಿಕೆ ಹಾಕಿಕೊಂಡ, ದೀಡ್ ಲಾಖ್, ಅಂದರೆ ಒಂದೂವರೆ ಲಕ್ಷ ಆಗುತ್ತದೆ ಎಂದ. ಕಾಗದವಿಲ್ಲ, ಟೇಪಿಲ್ಲ, ಬರೀ ಕಣ್ಣಳತೆ. ಹೀಗೆ ಬಾಯಿಗೆ ಬಂದದ್ದು ಹೇಳುವವನನ್ನು ನಂಬುವುದು ಹೇಗೆ ಎಂದು ಅವನನ್ನು ಕಳಿಸಿಬಿಟ್ಟೆ. ಗಣಿತದವರ ಗರ್ವ.

ಆಮೇಲೆ ಚಿಕ್ಕೋಡಿಯ ಕಾಂಟ್ರ್ಯಾಕ್ಟರ್ ಬಂದ. ಹೆಸರು ಬರೆಯುವುದಿಲ್ಲ, ಅವನಿಗೂ ಹೆಂಡತಿ ಮಕ್ಕಳಿದ್ದಾರೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕೆಂಪು ದೀಪ ಬಿಟ್ಟು ಅಳೆಯುವ ಯಂತ್ರ. ಎರಡು ದಿನದಲ್ಲಿ ಟೈಪು ಮಾಡಿದ ಎಸ್ಟಿಮೇಟ್ ತಂದ. ಹಂಚು ಮರ ಎಲ್ಲ ತೆಗೆದು, ಕಬ್ಬಿಣದ ಕಟ್ಟು ಕೂರಿಸಿ, ಮೇಲೆ ಬಣ್ಣದ ತಗಡು. ಒಂದು ಸಾವಿರದ ಮುನ್ನೂರ ಐವತ್ತು ಚದರ ಅಡಿ, ಅಡಿಗೆ ಇನ್ನೂರ ತೊಂಬತ್ತು ರೂಪಾಯಿ. ಒಟ್ಟು ಮೂರು ಲಕ್ಷ ತೊಂಬತ್ತೊಂದು ಸಾವಿರದ ಐದುನೂರು. ಕೊನೆಯ ಸಾಲಿನಲ್ಲಿ, ಹಳೆಯ ಮಾಡು ಇಳಿಸಿ ಸಾಗಿಸುವುದು ಪುಕ್ಕಟೆ. ಆ ಪುಕ್ಕಟೆಯನ್ನು ಓದಿ ಮನೆಯವರ ಮುಖ ಅರಳಿತು.

ಒಂದು ಸಾವಿರದ ಮುನ್ನೂರ ಐವತ್ತು ಅಡಿ ಹೇಗೆ ಬಂತು ಎಂದು ನಾನು ಕೇಳಿದೆ. ಅವನು ಉತ್ತರವನ್ನು ನನ್ನ ಗಂಡನಿಗೆ ಕೊಟ್ಟ. ಕಬ್ಬಿಣಕ್ಕೆ ಎಷ್ಟು, ತಗಡಿಗೆ ಎಷ್ಟು, ಕೂಲಿಗೆ ಎಷ್ಟು ಎಂದು ಬಿಡಿಸಿ ಕೇಳಿದೆ. ಆಗ ನನ್ನ ಕಡೆ ತಿರುಗಿ, ಹೈಸ್ಕೂಲಿನ ಹುಡುಗಿಗೆ ಹೇಳುವ ಹಾಗೆ ಹೇಳಿದ: "ಮೇಡಂ, ಅದು ಸ್ಲೋಪಿನ ಲೆಕ್ಕ ಇರ್ತೈತ್ರಿ. ನಿಮಗ ತಿಳ್ಯಂಗಿಲ್ಲ."

ಇಪ್ಪತ್ನಾಲ್ಕು ವರ್ಷ! ಪ್ರತಿ ವರ್ಷ ಲಂಬಕೋನ ತ್ರಿಭುಜದ ಪಾಠಕ್ಕೆ ನಾನು ಹಲಗೆಯ ಮೇಲೆ ಬಿಡಿಸುವ ಚಿತ್ರ ನಮ್ಮ ಮನೆಯದೇ. ಅಗಲ ಇಪ್ಪತ್ನಾಲ್ಕು ಅಡಿ, ಅರ್ಧ ಹನ್ನೆರಡು. ಗೋಡೆಯ ಮಟ್ಟದಿಂದ ನೆತ್ತಿಯ ತೊಲೆಗೆ ಎತ್ತರ ಐದು ಅಡಿ. ಇಳಿಜಾರು ಸರಿಯಾಗಿ ಹದಿಮೂರು. ಹಳೆಯ ಕಾಲದ ಆ ಅಕ್ಷರ ಬಾರದ ಬಡಿಗ ಅಷ್ಟು ಶುದ್ಧ ತ್ರಿಭುಜವನ್ನು ನಮ್ಮ ತಲೆಯ ಮೇಲೆ ಕೂರಿಸಿ ಹೋಗಿದ್ದಾನೆ. ಅಂದು ಸಂಜೆ ಕೂತು ಲೆಕ್ಕ ಹಾಕಿದೆ. ಹದಿಮೂರಕ್ಕೆ ಸೂರಿನ ಎರಡಡಿ ಸೇರಿಸಿದರೆ ಹದಿನೈದು, ಎರಡೂ ಬದಿಗೆ ಮೂವತ್ತು, ಉದ್ದ ಮೂವತ್ತೆರಡು. ಒಂಬೈನೂರ ಅರವತ್ತು ಅಡಿ. ಮನೆಯವರಿಗೆ ತೋರಿಸಿದೆ. "ಅವರು ದಿನಾ ಅದನ್ನ ಮಾಡಾವ್ರು, ಸುನಂದಾ. ವೇಸ್ಟೇಜ್ ಅಂತ ಏನರ ಇರ್ತೈತಿ" ಎಂದರು. ಅಷ್ಟೊತ್ತಿಗೆ ಒಂದು ಲಕ್ಷ ಅಡ್ವಾನ್ಸ್ ಕೊಟ್ಟಾಗಿತ್ತು.

ನಾನು ಸುಮ್ಮನಾದೆ. ಈ ಇಡೀ ಕಥೆಯಲ್ಲಿ ನನಗೆ ನನ್ನ ಮೇಲೆಯೇ ಹೆಚ್ಚು ಸಿಟ್ಟು ಬರುವುದು ಇಲ್ಲಿ. ಉತ್ತರ ಕೈಯಲ್ಲಿ ಇಟ್ಟುಕೊಂಡು ಕೈ ಎತ್ತದೆ ಕೂತ ವಿದ್ಯಾರ್ಥಿಗಳನ್ನು ಎಷ್ಟು ಬೈದಿದ್ದೇನೆ!

ಮೇ ತಿಂಗಳ ಎರಡನೆಯ ವಾರ ಕೆಲಸ ಶುರುವಾಯಿತು. ಎರಡು ದಿನದಲ್ಲಿ ಮುಂದಿನ ಇಳಿಜಾರಿನ ಹಂಚೆಲ್ಲ ಇಳಿಯಿತು, ಮೂರನೆಯ ದಿನ ಎರಡು ತೊಲೆ ಇಳಿಸಿ ಟೆಂಪೋಗೆ ಹೇರಿದರು. ನಡುಮನೆಯಲ್ಲಿ ನಿಂತು ಮೇಲೆ ನೋಡಿದರೆ ಹದ್ದು ಕಾಣುತ್ತಿತ್ತು. ಅವತ್ತು ಮಧ್ಯಾಹ್ನ ಪಶ್ಚಿಮಕ್ಕೆ ಮೋಡ ಕಟ್ಟಿತು. ಅದುವರೆಗೆ ಮುಖ ತೋರಿಸದ ಕಾಂಟ್ರ್ಯಾಕ್ಟರ್ ಮೋಡದ ಜೊತೆಗೇ ಬಂದ. ಗೋಡೆ ಬಡಿದು ನೋಡಿದ, ತಲೆ ಅಲ್ಲಾಡಿಸಿದ. ಈ ಗೋಡೆ ಕಬ್ಬಿಣದ ಭಾರ ತಾಳುವುದಿಲ್ಲ, ಸುತ್ತಲೂ ಕಾಂಕ್ರೀಟ್ ಪಟ್ಟಿ ಹಾಕಬೇಕು, ಎಂಬತ್ತೈದು ಸಾವಿರ ಹೆಚ್ಚಾಗುತ್ತದೆ ಎಂದ. ಮೊದಲೇ ಯಾಕೆ ಹೇಳಲಿಲ್ಲ ಎಂದು ಮನೆಯವರು ಕೇಳಿದರು. ಬಿಚ್ಚಿದ ಮೇಲೇ ತಿಳಿಯುವುದಲ್ಲವೇ ಎಂದ. ಒಪ್ಪಿಗೆ ಇಲ್ಲದಿದ್ದರೆ ನಿಪ್ಪಾಣಿಯಲ್ಲಿ ಬೇರೆ ಕೆಲಸ ಕಾಯುತ್ತಿದೆ, ಆಳುಗಳನ್ನು ಕರೆದುಕೊಂಡು ಹೋಗುತ್ತೇನೆ ಎಂದ. ಆಮೇಲೆ ಆಕಾಶ ನೋಡಿ, "ಲಗೂನ ಹೇಳ್ರಿ ಸರ್, ಮಳಿ ಬರೂ ಹಂಗೈತಿ" ಎಂದ.

ಹಂಚು ಮೇಲಿದ್ದಾಗ ಹೇಳಿದ ಮೊತ್ತಕ್ಕೆ ರೇಟು ಅನ್ನಬಹುದು. ಹಂಚು ಬಿಚ್ಚಿದ ಮೇಲೆ ಹೇಳಿದ ಮೊತ್ತಕ್ಕೆ ಬೇರೆ ಹೆಸರಿದೆ. ನಮ್ಮ ಭಾಷೆ ದೊಡ್ಡದು. ಸೂರು ಅಂದರೆ ತಲೆಯ ಮೇಲಿನ ಆಸರೆ, ಸೂರೆ ಅಂದರೆ ಹಗಲುದರೋಡೆ. ಎರಡರ ನಡುವೆ ಒಂದು ಸ್ವರದ ಅಂತರ. ಈ ಜನ ಆ ಒಂದು ಸ್ವರ ಬದಲಿಸಿ ಬದುಕುತ್ತಾರೆ.

ನಾನು ಒಳಗಿನಿಂದ ಸುಣ್ಣದ ಕಡ್ಡಿ ತಂದೆ. ಅಂಗಳದ ಗೋಡೆಯ ಮೇಲೆ ತ್ರಿಭುಜ ಬಿಡಿಸಿದೆ. ಗೆರೆ ಸೊಟ್ಟಾಯಿತು, ತರಗತಿಯಲ್ಲಾಗಿದ್ದರೆ ನಾನೇ ಅಳಿಸಿಹಾಕುತ್ತಿದ್ದೆ. ಐದು, ಹನ್ನೆರಡು, ಹದಿಮೂರು. ಒಂಬೈನೂರ ಅರವತ್ತು. ಆಳುಗಳೆಲ್ಲ ಕೆಲಸ ಬಿಟ್ಟು ನೋಡುತ್ತ ನಿಂತರು. ಇಲ್ಲದ ಮಾಡು ಮುನ್ನೂರ ತೊಂಬತ್ತು ಅಡಿ. ಅದರ ಬೆಲೆ ಒಂದು ಲಕ್ಷ ಹದಿಮೂರು ಸಾವಿರದ ನೂರು ರೂಪಾಯಿ. ಕೆಳಗೆ ಎರಡು ಗೆರೆ ಎಳೆದು ಹೇಳಿದೆ: "ಈ ಮುನ್ನೂರ ತೊಂಬತ್ತ ಅಡಿ ಎಲ್ಲೈತಿ ತೋರಸ್ರಿ. ತೋರಿಸಿದ್ರ ಎಂಬತ್ತೈದಲ್ಲ, ಲಕ್ಷ ಕೊಡ್ತೀನಿ."

ಅವನು ಗೋಡೆಯ ಕಡೆ ನೋಡಲೂ ಇಲ್ಲ. ನಕ್ಕು ನನ್ನ ಗಂಡನಿಗೆ, ಇವರನ್ನು ಒಳಗೆ ಕರೆದುಕೊಂಡು ಹೋಗಿ, ನಾವಿಬ್ಬರು ಮಾತಾಡೋಣ ಎಂದ.

ಮನೆಯವರು ಗೋಡೆಯ ಮೇಲಿನ ಲೆಕ್ಕವನ್ನು ಮೇಲಿಂದ ಕೆಳಗೆ ಓದಿದರು. ಆಮೇಲೆ ತಮ್ಮ ಎಂದಿನ ಮೆತ್ತನೆಯ ದನಿಯಲ್ಲೇ ಹೇಳಿದರು: "ಒಳಗ ಎಲ್ಲಿಗಿ ಕರ್ಕೊಂಡ ಹೋಗ್ಲಿ? ಒಳಗೂ ಆಕಾಶನ ಐತಲ್ಲ."

ಈ ಮನುಷ್ಯನ ಜೊತೆ ಇಷ್ಟು ವರ್ಷ ಬಾಳಿದ್ದು ಸಾರ್ಥಕವಾಯಿತು ಎಂದು ನನಗೆ ಅನ್ನಿಸಿದ್ದು ಆಗಲೇ.

ಅಷ್ಟರಲ್ಲಿ ನಮ್ಮ ಅತ್ತೆ ಕೋಲೂರಿಕೊಂಡು ಟೆಂಪೋದ ಹತ್ತಿರ ಹೋಗಿದ್ದರು. ತೊಲೆ ಎಲ್ಲಿಗೆ ಹೊರಟಿತು ಎಂದು ಕೇಳಿದರು. ಹುಳ ತಿಂದ ಕಟ್ಟಿಗೆ ಆಯೀ, ಒಲೆಗೆ ಹಾಕುವುದು ಎಂದು ಕಾಂಟ್ರ್ಯಾಕ್ಟರ್ ದೊಡ್ಡ ದನಿಯಲ್ಲಿ ಹೇಳಿದ. ಗೋಡೆಯ ಮೇಲೆ ಕೂತು ಮೊಳೆ ಕೀಳುತ್ತಿದ್ದ ಬಡಿಗನೊಬ್ಬ ಕೈ ನಿಲ್ಲಿಸಿದ. ಮಲ್ಲಪ್ಪ ಅಂತ, ಐಗಳಿಯವನು. ಕೆಲಸವಿದ್ದಾಗ ರಾಯಬಾಗದ ತಂಗಿಯ ಮನೆಯಲ್ಲಿ ಇರುತ್ತಿದ್ದ. ಮೂರು ದಿನದಲ್ಲಿ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಅದು ಸಾಗವಾನಿ ಐತ್ರಿ ಅಕ್ಕಾರ," ಎಂದ. "ಹುಳಾ ಮುಟ್ಟಿಲ್ಲ. ನಾನ ಇಳಿಸೇನಿ."

ಇಷ್ಟೇ ಮಾತು. ಕಾಂಟ್ರ್ಯಾಕ್ಟರ್ ಅವನಿಗೆ ಸಾಮಾನು ಎತ್ತಿಕೊಂಡು ನಡಿ, ಮತ್ತೆ ನನ್ನ ಕೆಲಸಕ್ಕೆ ಬರಬೇಡ ಎಂದ. ಮಲ್ಲಪ್ಪ ಕೆಳಗಿಳಿದು ಉಳಿ, ಬಾಚಿ, ಕರಗಸ ಒಂದೊಂದಾಗಿ ಚೀಲಕ್ಕೆ ತುಂಬಿದ. ಮನೆಯವರು ಟೆಂಪೋದ ಮುಂದೆ ಹೋಗಿ ನಿಂತು ತೊಲೆ ಇಳಿಸಿ ಎಂದರು, ಇಳಿಯುವವರೆಗೂ ಅಲ್ಲಿಂದ ಕದಲಲಿಲ್ಲ. ಆಳುಗಳು ತಲೆ ತಗ್ಗಿಸಿ ಎರಡೂ ತೊಲೆಯನ್ನು ಅಂಗಳಕ್ಕೆ ಇಳಿಸಿದರು. ಅದೇ ಟೆಂಪೋ ಹತ್ತಿ ಎಲ್ಲರೂ ಹೋದರು. ಉಳಿದದ್ದು ಅರ್ಧ ಮನೆ, ಪೂರ್ತಿ ಮೋಡ, ಮತ್ತು ಕಟ್ಟೆಯ ಮೇಲೆ ಚೀಲ ಇಟ್ಟುಕೊಂಡು ಕೂತ ಮಲ್ಲಪ್ಪ.

ನಾನು ಅವನ ಹತ್ತಿರ ಹೋಗಿ, ಈ ಮಾಡು ಸರಿ ಮಾಡಲು ಎಷ್ಟಾಗುತ್ತದೆ ಎಂದು ಕೇಳಿದೆ. ಅವನು ಎದ್ದು ಒಮ್ಮೆ ಸುತ್ತು ಹಾಕಿ ಬಂದ. ತೊಲೆ ಯಾವುದೂ ಬದಲಿಸುವುದು ಬೇಡ. ಹಂಚು ಕೂರುವ ಪಟ್ಟಿ ಕೊಳೆತಿವೆ, ಅವನ್ನೆಲ್ಲ ಹೊಸದು ಹಾಕಬೇಕು. ಹಂಚಿನಲ್ಲಿ ಮೂರರಲ್ಲೊಂದು ಪಾಲು ಒಡೆದಿವೆ. ಕೂಲಿ ಸೇರಿ ಒಂದು ಲಕ್ಷ ಇಪ್ಪತ್ತು ಸಾವಿರದ ಒಳಗೆ ಮುಗಿಯುತ್ತದೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ, ಮೊದಲು ತಾಡಪತ್ರಿ ತರಿಸ್ರಿ ಎಂದ.

ನನ್ನ ತಮ್ಮನಿಗೆ ಅಥಣಿಯ ಹತ್ತಿರ ದ್ರಾಕ್ಷಿ ತೋಟವಿದೆ. ನಾನು ಫೋನು ಮಾಡಿದ್ದೇ ತಡ, ದ್ರಾಕ್ಷಿಯನ್ನು ಮನೂಕವಾಗಿ ಒಣಗಿಸುವ ಶೆಡ್ಡಿಗೆ ಮಳೆ ತಾಗದಂತೆ ಹೊದಿಸುವ ತಾಡಪತ್ರಿಗಳನ್ನು ಜೀಪಿಗೆ ಹಾಕಿಕೊಂಡು ಎರಡು ತಾಸಿನೊಳಗೆ ಬಂದ. ಅಷ್ಟು ಹೊತ್ತು ಮಳೆ ಕಾಯಲಿಲ್ಲ. ಆಲಿಕಲ್ಲು ಸಮೇತ ಸುರಿದು, ಗಾದಿಗಳನ್ನೂ ಅತ್ತೆಯ ಪಾರಾಯಣದ ಪುಸ್ತಕಗಳನ್ನೂ ತೋಯಿಸಿತು. ನಾವೆಲ್ಲ ಹಿಂದಿನ ಅರ್ಧದಲ್ಲಿ ಒತ್ತೊತ್ತಾಗಿ ನಿಂತೆವು. ಅತ್ತೆ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಸೆರಗಿನಿಂದ ಒತ್ತುತ್ತಿದ್ದರು. ಆ ಒದ್ದೆ ಹಾಳೆಗಳನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮಲ್ಲಪ್ಪನೂ ಅವನು ಕರೆತಂದ ಮೂವರೂ ಹನ್ನೊಂದು ದಿನ ಕೆಲಸ ಮಾಡಿದರು. ಖರ್ಚು ಒಂದು ಲಕ್ಷ ಹದಿನೆಂಟು ಸಾವಿರ. ಆ ದಿನಗಳಲ್ಲೇ ಒಬ್ಬ ಕಟ್ಟಿಗೆ ವ್ಯಾಪಾರಿ ಅಂಗಳಕ್ಕೆ ಬಂದು, ತೊಲೆಗಳನ್ನು ಮಾರುವುದಾದರೆ ಎಲ್ಲ ಸೇರಿ ಒಂದು ಲಕ್ಷ ಎಪ್ಪತ್ತು ಸಾವಿರ ಕೊಡುತ್ತೇನೆ ಎಂದ. ನಮಗೆ ಪುಕ್ಕಟೆಯಾಗಿ ಸಿಗಲಿದ್ದ ಸೇವೆಯ ಬೆಲೆ ಅದು. ಕಾಂಟ್ರ್ಯಾಕ್ಟರನಿಂದ ಅಡ್ವಾನ್ಸ್ ವಾಪಸು ಪಡೆಯಲು ಚಿಕ್ಕೋಡಿಗೆ ನಾಲ್ಕು ಸಲ ಹೋದೆ. ಮೂರು ಸಲ ಅವನು ಮನೆಯಲ್ಲಿರಲಿಲ್ಲ. ನಾಲ್ಕನೆಯ ಸಲ ಬಾಗಿಲಲ್ಲೇ ಕೂತು, ಅವನ ತಾಯಿ ಕೊಟ್ಟ ಚಹಾ ಕುಡಿದು, ಬಂದ ಕಾರಣವನ್ನು ಆಕೆಗೇ ಬಿಡಿಸಿ ಹೇಳಿದೆ. ಅರವತ್ತು ಸಾವಿರ ಬಂತು. ಉಳಿದ ನಲವತ್ತು ಸಾವಿರವನ್ನು ಹಂಚು ಇಳಿಸಿದ ಕೂಲಿಗೆ ಹಿಡಿದುಕೊಂಡ. ಒಟ್ಟು ಕೂಡಿಸಿದರೆ ಒಂದು ಲಕ್ಷ ಐವತ್ತೆಂಟು ಸಾವಿರ. ಓಣಿಯ ಗೌಂಡಿ ಎಲೆ ಅಡಿಕೆ ಮೆಲ್ಲುತ್ತ ಹೇಳಿದ್ದು ಎಷ್ಟು ಎಂದು ನೆನಪಾಗಿ, ಒಂದು ವಾರ ಆ ದಾರಿಯಲ್ಲಿ ನಡೆಯಲಿಲ್ಲ.

ಈಗ ಯಾರಾದರೂ ಮಾಡು ಬದಲಿಸಲು ಎಷ್ಟಾಗುತ್ತದೆ ಎಂದು ಕೇಳಿದರೆ ನಾನು ಕೂರಿಸಿಕೊಂಡು ಹೇಳುತ್ತೇನೆ. ಹಳೆಯ ತೊಲೆ ಗಟ್ಟಿಯಿದ್ದರೆ ನಮ್ಮಂಥ ಮನೆಗೆ ಲಕ್ಷದ ಮೇಲೆ ಸ್ವಲ್ಪ, ಕಬ್ಬಿಣ ತಗಡಿಗೆ ಎರಡೂವರೆ ಮೂರು ಲಕ್ಷ. ಅಡಿಯನ್ನು ನೀವೇ ಅಳೆಯಿರಿ. ಹಳೆಯ ಮರ ಯಾರದು ಎಂದು ಕಾಗದದಲ್ಲಿ ಬರೆಸಿರಿ. ಹೆಚ್ಚಿನ ಕೆಲಸ ಬಂದರೆ ಎಷ್ಟು ಎನ್ನುವುದನ್ನು ಹಂಚು ಮುಟ್ಟುವ ಮೊದಲು ಕೇಳಿರಿ. ಹೇಳುತ್ತ ಹೇಳುತ್ತ ನನ್ನ ದನಿ ಏರುತ್ತದೆ. ಕೇಳಲು ಬಂದವರು ತಪ್ಪು ತಮ್ಮದೇ ಎನ್ನುವ ಹಾಗೆ ಹೆದರಿ ಕೂರುತ್ತಾರೆ. ಇರಲಿ, ಹೆದರಿದರೆ ನೆನಪಿರುತ್ತದೆ.

ಜೂನಿನಲ್ಲಿ ದೊಡ್ಡ ಮಳೆ ಹಿಡಿದಾಗ ಅಡಿಗೆಮನೆಯ ಮೂಲೆಯಲ್ಲಿ ಒಂದೇ ಒಂದು ಕಡೆ ಹನಿ ಬಿತ್ತು. ನಾನು ಫೋನು ಮಾಡಿದೆ. ನನ್ನ ದನಿ ಹೇಗಿತ್ತೋ, ಮಲ್ಲಪ್ಪ ಸುರಿವ ಮಳೆಯಲ್ಲೇ ಗೊಬ್ಬರದ ಚೀಲವನ್ನು ತಲೆಗೆ ಹಾಕಿಕೊಂಡು ಬಂದ. ಏಣಿ ಹತ್ತಿದ, ಜಾರಿದ್ದ ಒಂದು ಹಂಚನ್ನು ಸರಿಸಿ ಕೂರಿಸಿದ, ಇಳಿದ. ಚಹಾ ಕೊಟ್ಟೆ. ಕುಡಿದು ಹೊರಟವನನ್ನು ತಡೆದು, ಈಗಿನದಕ್ಕೆ ಎಷ್ಟಾಯಿತು, ಸರಿಯಾಗಿ ಹೇಳಿಬಿಡು ಎಂದೆ. ಕೈಯಲ್ಲಿ ಪರ್ಸೂ ಇತ್ತು.

ಅವನ ಮುಖ ಕೆಂಪಾಯಿತು. "ಒಂದ ಹಂಚು ಸರಿಸಿದ್ದಕ್ಕ ರೊಕ್ಕಾ ಕೇಳಾವ ಅಂತ ತಿಳ್ದೀರೇನ್ರಿ ನನಗ?" ಎಂದವನೇ, ಚೀಲವನ್ನು ತಲೆಗೆ ಎಳೆದುಕೊಂಡು, ನನ್ನ ಮುಖವನ್ನೂ ನೋಡದೆ ಮಳೆಯಲ್ಲಿ ಹೊರಟುಹೋದ.

ನಾನು ಪರ್ಸು ಹಿಡಿದುಕೊಂಡು ಬಾಗಿಲಲ್ಲಿ ನಿಂತೆ. ಬೈಸಿಕೊಂಡು ಇಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ.